ಘಟ್ಟವೇರುವ ಸೈಕಲ್

ವಾರಾಹಿಯ ತೀರದ ಹಾಲಾಡಿಯಿಂದ ಸಿದ್ದಾಪುರ, ಹೊಸಂಗಡಿಗಳನ್ನು ದಾಟಿದರೆ ಬಾಳೆಬರೆ ಘಾಟಿಯ ಏರು ಎದುರಾಗುತ್ತದೆ. ಸವಾರನೂ ಸೈಕಲೂ ಕೂಡಿ 80 ಕಿಲೋಗ್ರಾಂ ತೂಗಿದರೆ, ಆ ಭಾರವನ್ನು 500 ಮೀಟರ್ ಮೇಲೇರಿಸಲು ಸುಮಾರು 4 ಲಕ್ಷ ಜೂಲ್ ಶಕ್ತಿ ಬೇಕು. ತಿರುವುಗಳು ದಾರಿಯನ್ನು ನೀಳಗೊಳಿಸಿ ಏರನ್ನು ಸೌಮ್ಯಗೊಳಿಸುತ್ತವೆಯೇ ಹೊರತು ಈ ಲೆಕ್ಕವನ್ನು ತಗ್ಗಿಸಲಾರವು. ಗಿಯರಿನ ಉಪಕಾರವೂ ಅಷ್ಟೇ.

ಏರಿದವನ ಬೆವರನ್ನು ಎಲ್ಲರೂ ಕೊಂಡಾಡುತ್ತಾರೆ. ನಮಗಾದರೋ ಇಳಿಯುವವನದೇ ಚಿಂತೆ. ಹತ್ತುವಾಗ ಕೂಡಿಟ್ಟ ಶಕ್ತಿಯ ಬಹುಪಾಲನ್ನು, ನಿಧಾನವಾಗಿ ಇಳಿಯುವಾಗ, ಬ್ರೇಕೇ ಶಾಖವಾಗಿ ಕಳೆಯಬೇಕು. ಮಳೆಗಾಲದಲ್ಲಿ ಗಾಲಿಯ ಅಂಚು ತೊಯ್ದು ರಬ್ಬರಿನ ಹಿಡಿತ ಸಡಿಲುತ್ತದೆ. ಆದಕಾರಣ ತಿರುವನ್ನು ಹೊಕ್ಕ ಮೇಲಲ್ಲ, ಅದಕ್ಕೆ ಮುನ್ನವೇ ಎರಡು ಗಾಲಿಗಳಿಗೂ ಬಿಟ್ಟು ಬಿಟ್ಟು ಬ್ರೇಕು ಹಿಡಿಯತಕ್ಕದ್ದು. ರಬ್ಬರು ಸವೆದಿದ್ದರೆ ಅದನ್ನು ಹೊಸಂಗಡಿಯಲ್ಲಿಯೇ ಬದಲಾಯಿಸಿಕೊಂಡು ಹೊರಡುವುದು ಲೇಸು.