ಬ್ರೆಸ್ಟ್ ಪಂಪು ‘ಎಳೀತಾ ಇಲ್ಲ’ ಅಂದರೆ ಮೊದಲು ವಾಲ್ವ್ ನೋಡಿ: ಕೊಳ್ಳುವವರಿಗೂ ಮಾರುವವರಿಗೂ ಒಂದಿಷ್ಟು ಮಾಹಿತಿ

ಶಿರಸಿ: ಸಾವಿರಗಟ್ಟಲೆ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ ಬ್ರೆಸ್ಟ್ ಪಂಪು ಎರಡು ತಿಂಗಳಿಗೇ ಕಪಾಟು ಸೇರುವುದುಂಟು. ‘ಮೊದಲು ಚಲೋ ಇತ್ತು, ಈಗ ಎಳೀತಾ ಇಲ್ಲ’ ಎಂಬುದೇ ದೂರು. ಮೋಟಾರು ಹೋಯಿತು ಅಂದುಕೊಂಡು ಮನೆಯವರು ಇನ್ನೊಂದು ತರಿಸುತ್ತಾರೆ, ಇಲ್ಲವೇ ಮಗುವಿಗೆ ಡಬ್ಬಿ ಹಾಲು ಶುರು ಮಾಡುತ್ತಾರೆ. ಆದರೆ ಇಂಥ ಪಂಪುಗಳಲ್ಲಿ ಬಹಳಷ್ಟು ಸಲ ಹಾಳಾಗಿರುವುದು ಹೆಬ್ಬೆರಳ ತುದಿಯಷ್ಟಿರುವ ಒಂದು ರಬ್ಬರ್ ವಾಲ್ವ್. ಅದನ್ನು ಬದಲಿಸಿದರೆ ಅದೇ ಪಂಪು ಮತ್ತೆ ಮೊದಲಿನಂತೆ ಎಳೆಯುತ್ತದೆ. ತೊಂದರೆ ಏನೆಂದರೆ, ಆ ವಾಲ್ವ್ ನಮ್ಮ ಪೇಟೆಯಲ್ಲಿ ಕೇಳಿದ ಕೂಡಲೇ ಸಿಗುವ ವಸ್ತುವಲ್ಲ. ಪಂಪಿನ ಕಂಪನಿಯ ಸರ್ವಿಸ್ ಸೆಂಟರ್ ಹುಡುಕಿದರೆ ಹುಬ್ಬಳ್ಳಿ, ಬೆಂಗಳೂರು ಎನ್ನಬೇಕಾಗುತ್ತದೆ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ಪಂಪು ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ‘ಇದರ ವಾಲ್ವ್ ಬಿಡಿಯಾಗಿ ಸಿಗುತ್ತದಾ?’ ಎಂಬುದು.

ಎಲ್ಲರಿಗೂ ಬೇಕಾ?

ಬೇಡ. ತಾಯಿ-ಮಗು ಒಟ್ಟಿಗೇ ಇದ್ದು, ಮಗು ಚೆನ್ನಾಗಿ ಚೀಪುತ್ತಾ, ತೂಕ ಹೆಚ್ಚಿಸಿಕೊಳ್ಳುತ್ತಾ ಇದ್ದರೆ ಪಂಪಿನ ಅಗತ್ಯವೇ ಇಲ್ಲ. ತವರಿನಲ್ಲಿ ಬಾಣಂತನಕ್ಕೆ ಇರುವ ಹೆಚ್ಚಿನವರು ಈ ಗುಂಪಿಗೇ ಸೇರುತ್ತಾರೆ. ಹೆರಿಗೆಯ ಬ್ಯಾಗಿಗೆ ಪಂಪು ಸೇರಿಸುವ ಗಡಿಬಿಡಿಯೂ ಬೇಡ. ಮೊದಲ ಎರಡು ಮೂರು ದಿನ ಬರುವ ಗಟ್ಟಿ ಹಳದಿ ಹಾಲು ಪ್ರಮಾಣದಲ್ಲಿ ಸ್ವಲ್ಪವೇ ಇರುತ್ತದೆ, ಪಂಪಿಗೆ ಹಾಕಿದರೆ ಅರ್ಧ ಅದರ ಗೋಡೆಗೇ ಅಂಟಿಕೊಳ್ಳುತ್ತದೆ. ಮಗು ತಾನಾಗಿ ಚೀಪದಿದ್ದರೆ ಆಗ ಕೈಯಲ್ಲಿ ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಕೊಡುವುದೇ ಒಳ್ಳೆಯದು. ಕೈಯಲ್ಲಿ ಹಿಂಡುವ ಸರಿಯಾದ ರೀತಿಯನ್ನು ಆಸ್ಪತ್ರೆಯ ನರ್ಸ್‌ ಅಥವಾ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ ಕಲಿತಿಟ್ಟುಕೊಂಡರೆ ಪಂಪು ಕೈಕೊಟ್ಟ ದಿನವೂ ಮಗುವಿಗೆ ಹಾಲು ತಪ್ಪುವುದಿಲ್ಲ.

ಪಂಪು ನಿಜಕ್ಕೂ ಉಪಯೋಗಕ್ಕೆ ಬರುವುದು ತಾಯಿ-ಮಗು ದೂರ ಇರಬೇಕಾದಾಗ. ಮಗು ತಿಂಗಳು ತುಂಬದೆ ಹುಟ್ಟಿ ನವಜಾತ ಶಿಶು ಘಟಕದಲ್ಲಿದ್ದರೆ, ತಾಯಿ ಕೆಲಸಕ್ಕೋ ಪರೀಕ್ಷೆಗೋ ಹೋಗಬೇಕಿದ್ದರೆ ಅದು ಬೇಕೇ ಬೇಕಾಗುತ್ತದೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಇದೆ. ಕೆಲಸಕ್ಕೆ ಮರಳಿದ ಮೇಲೂ ಮಗುವಿಗೆ 15 ತಿಂಗಳು ಆಗುವವರೆಗೆ ದಿನಕ್ಕೆ ಎರಡು ವಿರಾಮ ಕೊಡಬೇಕೆಂಬ ನಿಯಮವೂ ಇದೆ. ಇದು 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳಿಗೆ ಅನ್ವಯ. ನಮ್ಮ ಪೇಟೆಯ ಬಟ್ಟೆ ಅಂಗಡಿಯಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ ಮೂರ್ನಾಲ್ಕು ಜನರ ನಡುವೆ ದುಡಿಯುವ ಹೆಣ್ಣುಮಕ್ಕಳಿಗೆ ಈ ರಜೆ ಕಾಗದದ ಮೇಲೂ ಇಲ್ಲ. ಮೂರು ತಿಂಗಳಿಗೇ ಕೆಲಸಕ್ಕೆ ಬರಬೇಕಾಗುವ ಅವರಿಗೇ ಪಂಪಿನ ಅಗತ್ಯ ಹೆಚ್ಚು. ಹಿಂದಿನ ಸ್ಟೋರ್ ರೂಮಿನಲ್ಲಿ ಒಂದು ಕುರ್ಚಿ, ಬಾಗಿಲಿಗೆ ಚಿಲಕ, ಕೈ ತೊಳೆಯಲು ನೀರು, ಇಷ್ಟು ಮಾಡಿಕೊಡಲು ಅಂಗಡಿ ಮಾಲೀಕರಿಗೆ ಯಾವ ಕಾನೂನೂ ಬೇಕಾಗಿಲ್ಲ.

ಕೈಪಂಪೋ, ಕರೆಂಟಿನದೋ?

ವಾರಕ್ಕೆ ಒಂದೆರಡು ಸಲ, ಮದುವೆ ಮುಂಜಿಗೆ ಹೋದಾಗಲೋ ಎದೆ ಬಿಗಿದಾಗಲೋ ತೆಗೆಯುವುದಾದರೆ ಕೈಯಲ್ಲಿ ಒತ್ತುವ ಪಂಪು ಸಾಕು. ಅದರ ಬೆಲೆ ಕಡಿಮೆ, ಸದ್ದಿಲ್ಲ, ಕರೆಂಟೂ ಬೇಡ. ಜೂನ್‌-ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕತ್ತಲೆಯಲ್ಲಿರುವ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ.

ದಿನಕ್ಕೆ ಎರಡು ಮೂರು ಸಲ ತೆಗೆಯುವವರಿಗೆ ಮಾತ್ರ ಕೈ ಸೋತು ಹೋಗುತ್ತದೆ. ಅವರಿಗೆ ಮೋಟಾರಿನದೇ ಸರಿ. ಎರಡೂ ಕಡೆ ಒಟ್ಟಿಗೆ ಎಳೆಯುವ ಡಬಲ್ ಪಂಪಾದರೆ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಊಟದ ವಿರಾಮದಲ್ಲೇ ಎಲ್ಲ ಮುಗಿಸಬೇಕಾದ ಶಿಕ್ಷಕಿಗೋ ಬ್ಯಾಂಕ್ ನೌಕರಳಿಗೋ ಈ ವ್ಯತ್ಯಾಸ ದೊಡ್ಡದು. ನಮ್ಮ ಕಡೆಗೆ ಬ್ಯಾಟರಿ ಇರುವುದನ್ನೇ ನೋಡಿ, ಅದರಲ್ಲೂ ಮಾಮೂಲಿ ಮೊಬೈಲ್ ಚಾರ್ಜರ್ ಅಥವಾ ಪವರ್ ಬ್ಯಾಂಕಿನಿಂದ ಚಾರ್ಜ್ ಆಗುವಂಥದ್ದು. ವಿಶೇಷ ಅಡಾಪ್ಟರ್ ಬೇಕಾಗುವ ಪಂಪಿನ ಅಡಾಪ್ಟರ್ ಹೋದರೆ ಮತ್ತೆ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಗುಡುಗು ಸಿಡಿಲಿನ ಸಂಜೆ ಚಾರ್ಜಿಗೆ ಹಾಕದಿರುವುದು ಟಿವಿಗೆ ಹೇಗೋ ಇದಕ್ಕೂ ಹಾಗೇ.

ಇನ್ನೊಂದು ಮುಖ್ಯ ವಿಷಯವನ್ನು ಬಾಕ್ಸಿನ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಅದು ‘ಕ್ಲೋಸ್ಡ್ ಸಿಸ್ಟಮ್’ ಹೌದೋ ಅಲ್ಲವೋ ಎಂಬುದು. ಕ್ಲೋಸ್ಡ್ ಪಂಪಿನಲ್ಲಿ ಹಾಲು ಮತ್ತು ಮೋಟಾರಿನ ನಡುವೆ ಒಂದು ರಬ್ಬರ್ ಪರದೆ ಇರುತ್ತದೆ, ಹಾಲಿನ ಹನಿ, ಆವಿ ಮೋಟಾರಿನ ಕಡೆಗೆ ಹೋಗದಂತೆ ಅದು ತಡೆಯುತ್ತದೆ. ಈ ಪರದೆ ಇಲ್ಲದ ಪಂಪಿನಲ್ಲಿ ತೇವ ಒಳಗೆ ಹೋಗಿ ಬೂಷ್ಟು ಹಿಡಿದರೆ ಬಿಚ್ಚಿ ತೊಳೆಯುವ ದಾರಿಯೇ ಇರುವುದಿಲ್ಲ. ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿಗೆ ಕ್ಲೋಸ್ಡ್ ಪಂಪೇ ಬೇಕು. ಇದರಲ್ಲಿ ಇನ್ನೂರು ಮುನ್ನೂರು ಉಳಿಸಲು ಹೋಗುವುದು ಲೆಕ್ಕದಲ್ಲೇ ತಪ್ಪು.

ಅಳತೆ ತಪ್ಪಿದರೆ ನೋವು

ಎದೆಗೆ ಹಿಡಿಯುವ ಲಾಳಿಕೆಯಂಥ ಭಾಗಕ್ಕೆ ಬಾಕ್ಸಿನ ಮೇಲೆ ಫ್ಲ್ಯಾಂಜ್ ಅಥವಾ ಶೀಲ್ಡ್ ಎಂದು ಬರೆದಿರುತ್ತದೆ. ಪಂಪಿನ ಜೊತೆ ಹೆಚ್ಚಾಗಿ ಬರುವುದು 24 ಮಿ.ಮೀ. ಅಳತೆಯದು, ಕೆಲವದರಲ್ಲಿ 28 ಸಹ ಇರುತ್ತದೆ. ಇದು ಎಲ್ಲರಿಗೂ ಹೊಂದುವುದಿಲ್ಲ. ಅಳೆಯಬೇಕಾದ್ದು ಮೊಲೆತೊಟ್ಟಿನ ಅಗಲವನ್ನು ಮಾತ್ರ, ಸುತ್ತಲಿನ ಕಪ್ಪು ಭಾಗವನ್ನಲ್ಲ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಸಾಕು. ಅಳತೆಗಿಂತ ಕೆಲವೇ ಮಿ.ಮೀ. ದೊಡ್ಡದಿರುವ ಲಾಳಿಕೆ ಸರಿಯಾಗುತ್ತದೆ. ಪಂಪು ನಡೆಯುವಾಗ ತೊಟ್ಟು ಕೊಳವೆಯ ಗೋಡೆಗೆ ಉಜ್ಜಬಾರದು, ಕಪ್ಪು ಭಾಗ ಬಹಳಷ್ಟು ಒಳಗೆ ಎಳೆದುಕೊಂಡು ಹೋಗಬಾರದು.

ಜೋರಾಗಿ ಎಳೆದರೆ ಜಾಸ್ತಿ ಹಾಲು ಬರುತ್ತದೆ ಎಂಬ ನಂಬಿಕೆ ಇದೆ. ಬರುವುದಿಲ್ಲ. ನೋವಾದರೆ ಹಾಲು ಇಳಿಯುವುದೇ ಕಡಿಮೆಯಾಗುತ್ತದೆ, ತೊಟ್ಟು ಗಾಯವಾಗುತ್ತದೆ. ಮೊದಲು ಬೇಗ ಬೇಗ, ಹಗುರಾಗಿ ಎಳೆಯುವ ಮೋಡಿನಲ್ಲಿ ಇಟ್ಟು, ಹಾಲು ಇಳಿಯಲು ಶುರುವಾದ ಮೇಲೆ ನಿಧಾನದ ಮೋಡಿಗೆ ಬದಲಿಸಬೇಕು. ಪಂಪಿನಲ್ಲಿ ಬಂದಷ್ಟೇ ತಾಯಿಯ ಹಾಲು ಎಂದು ಅಳೆಯುವುದೂ ಸರಿಯಲ್ಲ, ಮಗುವಿನಷ್ಟು ಚೆನ್ನಾಗಿ ಎಳೆಯಲು ಯಂತ್ರಕ್ಕೆ ಬರುವುದಿಲ್ಲ. ಬಾಟಲಿಯ ತಳ ನೋಡಿ ‘ನಿನಗೆ ಹಾಲೇ ಇಲ್ಲ’ ಎನ್ನುವ ಹಿರಿಯರಿಗೆ ಇದನ್ನು ಯಾರಾದರೂ ಹೇಳಬೇಕು. ಎದೆ ಕೆಂಪಾಗಿ, ಗಟ್ಟಿಯಾಗಿ ಜ್ವರ ಬಂದರೆ ಮಾತ್ರ ಪಂಪಿನ ಮೋಡು ಬದಲಿಸುತ್ತಾ ಕೂರದೆ ವೈದ್ಯರ ಹತ್ತಿರ ಹೋಗಬೇಕು.

ಎಳೆತ ಕಡಿಮೆಯಾದಾಗ ಹುಡುಕುವ ಕ್ರಮ

ಮೊದಲು ವಾಲ್ವ್. ಬಾತುಕೋಳಿಯ ಕೊಕ್ಕಿನಂತೆ ತುದಿ ಚಪ್ಪಟೆಯಾಗಿರುವ ಇದನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಸೀಳು ಪೂರ್ತಿ ಮುಚ್ಚಿಕೊಂಡಿರಬೇಕು. ಸ್ವಲ್ಪ ಬಾಯಿ ಬಿಟ್ಟಿದ್ದರೂ, ಅಂಚು ಹರಿದಿದ್ದರೂ ಗಾಳಿ ಹಿಂದೆ ಹೋಗುತ್ತದೆ, ಎಳೆತ ಇಲ್ಲವಾಗುತ್ತದೆ. ದಿನಾ ಹಲವು ಸಲ ಪಂಪು ಮಾಡುವವರಿಗೆ ಇದು ಒಂದೆರಡು ತಿಂಗಳಿಗೇ ಸಡಿಲಾಗುವುದು ಸಹಜ. ಬೇಗ ಹಾಳಾಗಲು ದೊಡ್ಡ ಕಾರಣ ತೊಳೆಯುವಾಗ ಸೀಳಿನೊಳಗೆ ಬೆರಳು, ಬ್ರಶ್ ತೂರಿಸುವುದು. ಹೊರಗಿನಿಂದ ಎರಡು ಬದಿ ಮೆಲ್ಲಗೆ ಅದುಮಿ ನೀರು ಬಿಟ್ಟರೆ ಸಾಕು.

ಆಮೇಲೆ ರಬ್ಬರ್ ಪರದೆ ತೂತಾಗಿದೆಯೋ, ಸರಿಯಾಗಿ ಕೂತಿದೆಯೋ ನೋಡಿ. ನಂತರ ಟ್ಯೂಬಿನ ಎರಡೂ ತುದಿ. ಮತ್ತೆ ಮತ್ತೆ ಎಳೆದು ತೆಗೆದು ತುದಿ ಅಗಲವಾಗಿದ್ದರೆ ಅರ್ಧ ಇಂಚು ಕತ್ತರಿಸಿ ಹಾಕಿದರೂ ಕೆಲವು ದಿನ ನಡೆಯುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ನೋಡಿ. ಲಾಳಿಕೆಯ ಬಾಯಿಗೆ ಅಂಗೈ ಮುಚ್ಚಿ ಪಂಪು ಚಾಲೂ ಮಾಡಿದರೆ ಎಳೆತ ಕೈಗೇ ಗೊತ್ತಾಗುತ್ತದೆ. ಇಷ್ಟಾದರೂ ಆಗದಿದ್ದರೆ ಆಗ ಮೋಟಾರನ್ನು ದೂರಬಹುದು.

ಮಳೆಗಾಲದ ತೊಳೆತ

ಹಾಲು ತಾಗಿದ ಭಾಗಗಳನ್ನು ಪ್ರತಿ ಸಲವೂ ತೊಳೆಯಬೇಕು. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು. ಅಡುಗೆಮನೆ ಸಿಂಕಿನಲ್ಲಿ ನೇರವಾಗಿ ಇಡದೆ ಇದಕ್ಕೇ ಅಂತ ಒಂದು ಬೇಸಿನ್, ಒಂದು ಬ್ರಶ್ ಇಟ್ಟುಕೊಳ್ಳಿ. ಪಾತ್ರೆ ತಿಕ್ಕುವ ಪುಡಿ, ಸ್ಟೀಲ್ ನಾರು ಬೇಡ, ಗೀರು ಬಿದ್ದಲ್ಲಿ ಹಾಲಿನ ಜಿಡ್ಡು ಕೂರುತ್ತದೆ. ಎರಡು ತಿಂಗಳೊಳಗಿನ ಮಗು ಅಥವಾ ದಿನ ತುಂಬದೆ ಹುಟ್ಟಿದ ಮಗು ಇದ್ದರೆ ದಿನಕ್ಕೊಮ್ಮೆ 5 ನಿಮಿಷ ಕುದಿಸಬೇಕು. ಕುದಿಸುವ ಪಾತ್ರೆಯ ತಳಕ್ಕೆ ಒಂದು ಶುದ್ಧ ಬಟ್ಟೆ ಹಾಕಿದರೆ ಪ್ಲಾಸ್ಟಿಕ್ ತಳಕ್ಕೆ ತಾಗಿ ಸೊಟ್ಟಗಾಗುವುದಿಲ್ಲ. ಮೋಟಾರು ಮತ್ತು ಟ್ಯೂಬನ್ನು ಕುದಿಸುವ ಹಾಗಿಲ್ಲ.

ಕಷ್ಟ ಇರುವುದು ಒಣಗಿಸುವುದರಲ್ಲಿ. ಗಾಳಿಯಲ್ಲಿ ಒಣಗಿಸಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಕೈಪಿಡಿ ಬರೆದವರು ಶಿರಸಿಯ ಆಷಾಢ ನೋಡಿಲ್ಲ. ಕಂಬಳಿಗೂ ಬೂಷ್ಟು ಬರುವ ದಿನಗಳಲ್ಲಿ ರಬ್ಬರಿನ ಸಂದಿಯ ನೀರು ಮರುದಿನಕ್ಕೂ ಆರುವುದಿಲ್ಲ. ಇದಕ್ಕೆ ದಾರಿ ಎರಡು ಸೆಟ್ ಇಟ್ಟುಕೊಳ್ಳುವುದು. ಒಂದು ಬಳಕೆಯಲ್ಲಿರುವಾಗ ಇನ್ನೊಂದು ಚೆನ್ನಾಗಿ ಕೊಡವಿ, ತೊಳೆದ ಬಟ್ಟೆಯ ಮೇಲೆ, ಫ್ಯಾನಿನ ಕೆಳಗೆ ಇರಲಿ. ಒಲೆಯ ಹತ್ತಿರ, ಅಡಿಕೆ ಒಣಗಿಸುವ ಹೊಗೆಯ ಅಟ್ಟದಲ್ಲಿ ಇಡಬಾರದು. ಟವೆಲಿನಲ್ಲಿ ಒರೆಸಿದರೆ ಅದರಲ್ಲಿದ್ದದ್ದೆಲ್ಲ ಪಂಪಿಗೆ ಬರುತ್ತದೆ.

ಟ್ಯೂಬಿನೊಳಗೆ ನೀರ ಹನಿ ಕಂಡರೆ, ಹಾಲು ತೆಗೆದಾದ ಮೇಲೆ ಲಾಳಿಕೆ ಕಳಚಿ ಟ್ಯೂಬ್ ಮಾತ್ರ ಇಟ್ಟು ಪಂಪನ್ನು ಕೆಲವು ನಿಮಿಷ ಸುಮ್ಮನೆ ಓಡಿಸಿ. ಒಣಗುತ್ತದೆ. ಕಪ್ಪು ಚುಕ್ಕೆ ಕಂಡ ಟ್ಯೂಬನ್ನು ತೊಳೆದು ಉಳಿಸಿಕೊಳ್ಳಲು ಹೋಗದೆ ಬಿಸಾಡಿ.

ಕರೆಂಟು ಹೋದಾಗ ಹಾಲು

ತೆಗೆದ ಹಾಲು 25 ಡಿಗ್ರಿಯವರೆಗಿನ ಹೊರಗಿನ ತಾಪಮಾನದಲ್ಲಿ 4 ತಾಸು ಕೆಡುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಬೇಗ ಬಳಸಬೇಕು. ಫ್ರಿಜ್ಜಿನ ಹಿಂಭಾಗದಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳು ಇಡಬಹುದು. ಫ್ರಿಜ್ಜಿನ ಬಾಗಿಲಿನಲ್ಲಿ ಇಡಬಾರದು. ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ 24 ತಾಸು ಇಡಬಹುದಾದ್ದರಿಂದ ಸಿದ್ದಾಪುರದಿಂದ ಶಿರಸಿಗೆ ಬಸ್ಸಿನಲ್ಲಿ ಓಡಾಡುವವರು ಹೆದರಬೇಕಿಲ್ಲ. ಕರೆಂಟು ಹೋದರೆ ಬಾಗಿಲು ತೆಗೆಯದ ಫ್ರಿಜ್ಜು ಸುಮಾರು 4 ತಾಸು ತಂಪಾಗಿರುತ್ತದೆ, ತುಂಬಿದ ಫ್ರೀಜರ್ 48 ತಾಸು, ಅರ್ಧ ತುಂಬಿದ್ದು 24. ಫ್ರೀಜರಿನ ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಡುವುದು ಮಳೆಗಾಲಕ್ಕೆ ಒಳ್ಳೆಯ ಉಪಾಯ. ಹಾಲನ್ನು ಒಲೆಯ ಮೇಲಿಟ್ಟು ಕಾಯಿಸಬಾರದು. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಸಾಕು. ಹಾಗೆ ಬೆಚ್ಚಗೆ ಮಾಡಿದ್ದನ್ನು 2 ತಾಸಿನೊಳಗೆ ಕುಡಿಸಬೇಕು.

ಅಕ್ಕನ ಪಂಪು ತಂಗಿಗೆ?

ಕೇಳಲು ಸುಲಭದ ಪ್ರಶ್ನೆ, ಉತ್ತರ ಪಂಪಿನ ಮೇಲಿದೆ. ಮನೆಬಳಕೆಯ ಪಂಪುಗಳು ಒಬ್ಬರಿಗಾಗಿಯೇ ಮಾಡಿದವು. ಪರದೆ ಇಲ್ಲದ ಪಂಪಾದರೆ ಖಂಡಿತ ಬೇಡ, ಹೊರಗಿನ ಭಾಗ ಎಷ್ಟು ಕುದಿಸಿದರೂ ಮೋಟಾರಿನೊಳಗೆ ಹೋದ ಹಾಲನ್ನು ತೆಗೆಯಲಾಗುವುದಿಲ್ಲ. ಬಹಳ ಜನ ಬಳಸಲೆಂದೇ ತಯಾರಾಗುವ ಆಸ್ಪತ್ರೆ ದರ್ಜೆಯ ಪಂಪು ಬೇರೆ, ಅದರಲ್ಲೂ ಪ್ರತಿಯೊಬ್ಬರಿಗೂ ಹೊಸ ಲಾಳಿಕೆ, ಹೊಸ ಟ್ಯೂಬ್ ಬೇಕು. ತನ್ನದೇ ಪಂಪನ್ನು ಎರಡನೇ ಮಗುವಿಗೆ ಬಳಸುವುದು ತಪ್ಪಲ್ಲ. ಎತ್ತಿಡುವಾಗ ಪೂರ್ತಿ ಒಣಗಿಸಿ, ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ, ಚಪ್ಪಲಿ ಬಾಕ್ಸಿನಲ್ಲಿ ಬರುವ ತೇವ ಹೀರುವ ಪೊಟ್ಟಣ ಎರಡು ಹಾಕಿಡಿ. ಎರಡು ಮೂರು ತಿಂಗಳಿಗೊಮ್ಮೆ ಅರ್ಧದಷ್ಟು ಚಾರ್ಜ್ ಮಾಡದಿದ್ದರೆ ಬ್ಯಾಟರಿ ಸಾಯುತ್ತದೆ. ಮತ್ತೆ ತೆಗೆಯುವಾಗ ರಬ್ಬರ್ ಮತ್ತು ಟ್ಯೂಬ್ ಎಲ್ಲ ಹೊಸದು ಹಾಕಿ.

ಅಂಗಡಿಯವರಿಗೆ

ಹತ್ತು ಕಂಪನಿಯ ಪಂಪು ಇಡುವುದಕ್ಕಿಂತ ಎರಡೇ ಮಾದರಿ ಇಟ್ಟು, ಅವುಗಳ ವಾಲ್ವ್, ಪರದೆ, ಟ್ಯೂಬ್, ಎರಡು ಮೂರು ಅಳತೆಯ ಲಾಳಿಕೆ ಇಟ್ಟರೆ ಗಿರಾಕಿ ಮತ್ತೆ ಬರುತ್ತಾರೆ. ಬೇರೆ ಬೇರೆ ಕಂಪನಿಯ ವಾಲ್ವ್ ನೋಡಲು ಒಂದೇ ಥರ ಕಂಡರೂ ಎಲ್ಲ ಪಂಪಿಗೂ ಕೂರುವುದಿಲ್ಲ, ಮಾದರಿಯ ಹೆಸರು ಕೇಳಿಯೇ ಕೊಡಬೇಕು. ವಾರಂಟಿ ಸಾಮಾನ್ಯವಾಗಿ ಮೋಟಾರಿಗೆ ಮಾತ್ರ, ರಬ್ಬರಿಗಿಲ್ಲ ಎಂದು ಮಾರುವಾಗಲೇ ಹೇಳಿದರೆ ಮುಂದಿನ ಜಗಳ ತಪ್ಪುತ್ತದೆ. ಸೀಲ್ ಒಡೆದು ಬಳಸಿದ ಪಂಪನ್ನು ವಾಪಸ್ ಪಡೆದು ಬೇರೆಯವರಿಗೆ ಮಾರುವುದು ಮಾತ್ರ ಯಾವ ಕಾರಣಕ್ಕೂ ಆಗಬಾರದು.

ಬೋರ್ಡ್ ಹಾಕುವಾಗಲೂ ಎಚ್ಚರ ಬೇಕು. ಶಿಶು ಹಾಲಿನ ಬದಲಿ, ಹಾಲುಣಿಸುವ ಬಾಟಲಿ ಮತ್ತು ಶಿಶು ಆಹಾರದ ಜಾಹೀರಾತನ್ನು 1992ರ ಕೇಂದ್ರ ಕಾಯ್ದೆ ನಿಷೇಧಿಸಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಗಿದೆ. ಉಲ್ಲಂಘಿಸಿದರೆ 3 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಪಂಪು ಈ ಪಟ್ಟಿಯಲ್ಲಿಲ್ಲ, ಆದರೆ ಬಾಟಲಿ ಇದೆ. ‘ಪಂಪು ಕೊಂಡರೆ ಫೀಡಿಂಗ್ ಬಾಟಲಿ ಫ್ರೀ’ ಎಂಬ ಬೋರ್ಡಾಗಲೀ ವಾಟ್ಸ್ಆ್ಯಪ್ ಸ್ಟೇಟಸ್ಸಾಗಲೀ ಹಾಕಿದರೆ ಅಂಗಡಿಯವರೇ ಉತ್ತರ ಕೊಡಬೇಕಾಗುತ್ತದೆ. ಬಾಟಲಿಯ ಬದಲು ಒಂದು ಜೊತೆ ವಾಲ್ವ್ ಉಚಿತವಾಗಿ ಕೊಡಲಿ, ಅದಕ್ಕೆ ಯಾರ ತಕರಾರೂ ಇಲ್ಲ.