ಬಿಂದು-ಕೊಂಡಿಗಳ ನಕ್ಷೆ ಮತ್ತು ಡಿ3 ಲೈಬ್ರರಿ

ವಸ್ತುಗಳನ್ನು ಬಿಂದುಗಳಾಗಿಯೂ ಅವುಗಳ ನಡುವಣ ಸಂಬಂಧಗಳನ್ನು ಗೆರೆಗಳಾಗಿಯೂ ಚಿತ್ರಿಸುವ ಪದ್ಧತಿ ವಿದ್ವಾಂಸರಿಗೆ ಹೊಸದಲ್ಲ. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಕುರಿತ ಆಯ್ಲರನ 1736ರ ಪ್ರಬಂಧದಿಂದ ಇದರ ಗಣಿತ ಆರಂಭವಾಯಿತೆಂದು ಹೇಳುವುದು ವಾಡಿಕೆ. ಆಯ್ಲರನು ಸ್ವತಃ ಅಂಥ ಚಿತ್ರವನ್ನು ಬರೆದಿರಲಿಲ್ಲವೆಂಬುದು ಬೇರೆ ಮಾತು. ಗ್ರಂಥಸಂಪಾದನೆಯಲ್ಲಿ ಓಲೆಪ್ರತಿಗಳ ವಂಶವೃಕ್ಷವನ್ನು ಬರೆಯುವಾಗ ನಾವು ಮಾಡುವುದೂ ಇದನ್ನೇ. ಆದರೆ ಕಾಗದದ ಮೇಲಿನ ಚಿತ್ರ ಒಮ್ಮೆ ಬರೆದರೆ ಅಷ್ಟಕ್ಕೇ ನಿಲ್ಲುತ್ತದೆ. ಗಣಕದ ತೆರೆಯ ಮೇಲೆ ಓದುಗನು ಬಿಂದುವೊಂದನ್ನು ಹಿಡಿದೆಳೆಯಬಹುದು, ಬೇಡವಾದುದನ್ನು ಮರೆಮಾಡಬಹುದು, ಹಿಗ್ಗಿಸಿ ನೋಡಬಹುದು. ಇದನ್ನು ಸಾಧ್ಯವಾಗಿಸುವ ಸಾಧನಗಳಲ್ಲಿ ಬಹು ಪ್ರಚಾರದಲ್ಲಿರುವ ಡಿ3 ಎಂಬುದನ್ನು ಇಲ್ಲಿ ಪರಿಚಯಿಸಲಾಗಿದೆ.

ಡಿ3 ಸ್ವತಂತ್ರವಾದ ತಂತ್ರಾಂಶವಲ್ಲ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದಿಟ್ಟ ಸಿದ್ಧ ಸೂಚನೆಗಳ ಭಂಡಾರ. ಪ್ರೋಗ್ರಾಂ ಬರೆಯುವವರು ಇದನ್ನು ಲೈಬ್ರರಿ ಎನ್ನುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈಕ್ ಬಾಸ್ಟಕ್, ವಾದಿಮ್ ಒಗಿಯೆವೆಟ್‌ಸ್ಕಿ ಮತ್ತು ಜೆಫ್ರಿ ಹೀರ್ ಇದನ್ನು 2011ರಲ್ಲಿ ಪ್ರಕಟಿಸಿದರು. 2016ರ ನಾಲ್ಕನೆಯ ಆವೃತ್ತಿಯಲ್ಲಿ ಇದು ಅನೇಕ ಬಿಡಿ ಭಾಗಗಳಾಗಿ ಒಡೆಯಿತು. ಅವುಗಳಲ್ಲಿ ಬಲಗಳನ್ನು ಆಧರಿಸಿದ ವಿನ್ಯಾಸದ ಭಾಗವೇ ನಮಗೆ ಪ್ರಸ್ತುತವಾದುದು.

ಇದರ ಕಾರ್ಯವಿಧಾನ ಭೌತಶಾಸ್ತ್ರದಿಂದ ಎರವಲು ಪಡೆದುದು. ಪ್ರತಿ ಬಿಂದುವೂ ಉಳಿದೆಲ್ಲವನ್ನೂ ದೂರ ತಳ್ಳುತ್ತದೆ; ಪ್ರತಿ ಕೊಂಡಿಯೂ ಸ್ಪ್ರಿಂಗಿನಂತೆ ತನ್ನ ಎರಡು ತುದಿಗಳನ್ನು ನಿಯತ ಅಂತರಕ್ಕೆ ಎಳೆಯುತ್ತದೆ. ಆರಂಭದಲ್ಲಿ ಬಿಂದುಗಳನ್ನು ಸೂರ್ಯಕಾಂತಿಯ ಬೀಜಗಳ ಹಾಗೆ ಸುರುಳಿಯಾಗಿ ಹರಡಲಾಗುತ್ತದೆ. ಬಳಿಕ ಹೆಜ್ಜೆ ಹೆಜ್ಜೆಗೂ ಬಲಗಳನ್ನು ಲೆಕ್ಕಹಾಕಿ ಬಿಂದುಗಳನ್ನು ಸರಿಸಲಾಗುತ್ತದೆ. ‘ಆಲ್ಫಾ’ ಎಂಬ ಅಳತೆಯೊಂದು 1ರಿಂದ ಇಳಿಯುತ್ತ ಸುಮಾರು 300 ಹೆಜ್ಜೆಗಳಲ್ಲಿ 0.001ಕ್ಕೆ ಬರುತ್ತದೆ, ಆಗ ಚಲನೆ ನಿಲ್ಲುತ್ತದೆ. ಓದುಗನು ಬಿಂದುವನ್ನು ಎಳೆದಾಗ ಆಲ್ಫಾವನ್ನು ಮತ್ತೆ ಏರಿಸುವುದು ರೂಢಿ. ತಣಿದಿದ್ದ ನಕ್ಷೆ ಪುನಃ ಕದಲಿ ಹೊಸ ಸಮತೋಲವನ್ನು ಹುಡುಕಿಕೊಳ್ಳುತ್ತದೆ.

ವಿಕ್ಟರ್ ಹ್ಯೂಗೋವಿನ ‘ಲೆ ಮಿಸೆರಾಬ್ಲ್’ ಕಾದಂಬರಿಯ ಪಾತ್ರಗಳ ನಕ್ಷೆ ಡಿ3 ಬಳಕೆದಾರರಿಗೆಲ್ಲ ಪರಿಚಿತ ಉದಾಹರಣೆ. ಇದರ ಮೂಲ ದತ್ತಾಂಶವನ್ನು ಸಿದ್ಧಪಡಿಸಿದವರು ಡೊನಾಲ್ಡ್ ಕ್ನೂತ್. ಇದರಲ್ಲಿ 77 ಪಾತ್ರಗಳು, 254 ಕೊಂಡಿಗಳು ಇವೆ. ಪರಸ್ಪರ ತಳ್ಳುವ ಜೋಡಿಗಳೇ 2,926. ಬಿಂದುಗಳು ಸಾವಿರವಾದರೆ ಜೋಡಿಗಳು 4,99,500ಕ್ಕೇರುತ್ತವೆ. ಇಷ್ಟನ್ನೂ ಪ್ರತಿ ಹೆಜ್ಜೆಗೆ ಲೆಕ್ಕಹಾಕುವುದು ದುಬಾರಿಯಾದ್ದರಿಂದ, ಖಗೋಳಶಾಸ್ತ್ರಕ್ಕಾಗಿ 1986ರಲ್ಲಿ ಬಾರ್ನ್ಸ್ ಮತ್ತು ಹಟ್ ರೂಪಿಸಿದ ಉಪಾಯವನ್ನು ಇಲ್ಲಿ ಬಳಸಲಾಗಿದೆ: ದೂರದ ಬಿಂದುಗಳ ಗುಂಪನ್ನು ಒಂದೇ ಬಿಂದುವೆಂದು ಭಾವಿಸುವುದು.

ಸಂಶೋಧಕರು ಎಚ್ಚರವಹಿಸಬೇಕಾದ ಸಂಗತಿಯೊಂದಿದೆ. ಈ ನಕ್ಷೆಯಲ್ಲಿ ಮೇಲು-ಕೆಳಗು, ಎಡ-ಬಲಗಳಿಗೆ ಅರ್ಥವಿಲ್ಲ. ಕೊಂಡಿಯಿಲ್ಲದ ಎರಡು ಪಾತ್ರಗಳು ಅಕ್ಕಪಕ್ಕದಲ್ಲಿ ಕಂಡರೆ ಅದು ಕೇವಲ ಸ್ಥಳಾಭಾವದ ಫಲವಿರಬಹುದು. ಆರಂಭದ ಸುರುಳಿಯಲ್ಲಿ ಸ್ಥಾನವನ್ನು ಕೊಡುವುದು ದತ್ತಾಂಶದ ಪಟ್ಟಿಯ ಕ್ರಮವಾದ್ದರಿಂದ, ಅದೇ ದತ್ತಾಂಶವನ್ನು ಅಕಾರಾದಿಯಾಗಿ ಕೊಟ್ಟಾಗ ಒಂದು ಆಕಾರವೂ ಕಾಲಾನುಕ್ರಮವಾಗಿ ಕೊಟ್ಟಾಗ ಇನ್ನೊಂದೂ ಬರಬಹುದು. ಚಿತ್ರದ ಮಧ್ಯದಲ್ಲಿದ್ದಾನೆಂಬ ಕಾರಣಕ್ಕೆ ಒಬ್ಬ ಕವಿಯನ್ನು ಪರಂಪರೆಯ ಕೇಂದ್ರವೆಂದು ಸಾರುವುದು ಪ್ರಮಾದವೇ ಸರಿ. ಇಂಥ ನಕ್ಷೆಯನ್ನು ಪ್ರಬಂಧದಲ್ಲಿ ಆಧಾರವಾಗಿ ಕೊಡುವವರು ಕೊಂಡಿಗಳ ಪಟ್ಟಿಯನ್ನೂ ಜೊತೆಗೆ ಕೊಡುವುದು ಅಗತ್ಯವೆಂದು ನನ್ನ ಅಭಿಪ್ರಾಯ. ದೃಷ್ಟಿಯಿಲ್ಲದ ಓದುಗರಿಗೂ ಆ ಪಟ್ಟಿಯೇ ಆಸರೆ.

ಕನ್ನಡದಲ್ಲಿ ಹೆಸರುಗಳನ್ನು ಬರೆಯುವವರಿಗೆ ಮತ್ತೊಂದು ತೊಡಕು. ಬಿಂದುವಿನ ಪಕ್ಕದಲ್ಲಿ ಉದ್ದ ಹೆಸರು ಹಿಡಿಸದಿದ್ದಾಗ ಇಂತಿಷ್ಟು ಅಕ್ಷರಕ್ಕೆ ಕತ್ತರಿಸುವ ಅಭ್ಯಾಸ ಪ್ರೋಗ್ರಾಂಗಳಲ್ಲಿದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಜಾವಾಸ್ಕ್ರಿಪ್ಟಿನ ಎಣಿಕೆಯಲ್ಲಿ ಆರು. ನಡುವೆ ಕತ್ತರಿಸಿದರೆ ಒತ್ತಕ್ಷರ ಮುರಿದು ‘ಸ್’ ಮಾತ್ರ ಉಳಿಯಬಹುದು. ಆದ್ದರಿಂದ ಅಕ್ಷರಗಳನ್ನು ಎಣಿಸದೆ, ಬರೆದ ಪದ ತೆರೆಯ ಮೇಲೆ ಆಕ್ರಮಿಸುವ ಅಗಲವನ್ನೇ ಅಳೆದು, ಸಾಲದಿದ್ದರೆ ಹೆಸರನ್ನು ಪದಗಳ ನಡುವೆ ಒಡೆದು ಎರಡು ಸಾಲಿನಲ್ಲಿ ಬರೆಯುವುದು ಲೇಸು.