ಬ್ಯಾಂಕಿನ ಸಾಲು, ನಮ್ಮ ಕಿರ್ದಿ

ಹುಬ್ಬಳ್ಳಿಯ ಹೊಸ ಬಸ್ ಸ್ಟ್ಯಾಂಡ್ ದಾಟಿ ವಿಮಾನ ನಿಲ್ದಾಣದ ಕಡೆ ಹೊರಟರೆ ಗೋಕುಲ ರಸ್ತೆಯ ಕೈಗಾರಿಕಾ ವಸಾಹತು ಸಿಗುತ್ತದೆ. ವಾಲ್ವ್ ತಯಾರಿಕೆಗೆ ಹೆಸರಾದ ಊರಿದು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಕೊರೆದು, ನಯಮಾಡಿ ಕೊಡುವ ಸಣ್ಣ ಶೆಡ್‌ಗಳು ಒಳಓಣಿಗಳಲ್ಲಿ ಒತ್ತೊತ್ತಾಗಿವೆ. ಲೇಥ್ ಸದ್ದಿನ ಮೂಲೆಯೊಂದಕ್ಕೆ ಪ್ಲೈವುಡ್ ಗೋಡೆ ಹೊಡೆದರೆ ಅದೇ ಆಫೀಸು. ಒಳಗೊಂದು ಕಂಪ್ಯೂಟರು, ಎಣ್ಣೆಯ ಕಲೆ ಹತ್ತಿದ ಚಲನ್‌ಗಳ ಕಟ್ಟು. ಜಿಎಸ್‌ಟಿಯ ವಿವರ ಸಲ್ಲಿಸುವ 11ನೇ ತಾರೀಖು ಹತ್ತಿರ ಬಂತೆಂದರೆ ಆ ಕೋಣೆಯಲ್ಲಿ ಈ ಮಾತು ಹುಟ್ಟುತ್ತದೆ.

‘ಸಾಹುಕಾರ್ರ, ಬ್ಯಾಂಕಿಂದು ಕೂಡವಲ್ದು ನೋಡ್ರಿ.’

‘ಫರಕ್ ಎಷ್ಟ ಐತಿ?’

‘ಎರಡ ಸಾವಿರ ರೀ.’

ಅಂಥದೊಂದು ಕೋಣೆಯಲ್ಲಿ ಕೆಲವು ವರ್ಷ ಲೆಕ್ಕ ಬರೆದವನು ನಾನು. ಆ ಎರಡು ಸಾವಿರ ಹುಡುಕಲು ಇಡೀ ಮಧ್ಯಾಹ್ನ ಕಳೆದದ್ದಿದೆ. ಈಗ ಬ್ಯಾಂಕಿನ ಸ್ಟೇಟ್‌ಮೆಂಟ್ ಕಂಪ್ಯೂಟರಿಗೆ ಬಂದು, ಒಂದೆರಡು ಕ್ಲಿಕ್ಕಿಗೆ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದೊಳಗೆ ಇಳಿಯುತ್ತದೆ, ಅಂದರೆ ಇಂಪೋರ್ಟ್ ಆಗುತ್ತದೆ. ಇಲ್ಲಿಯವರೆಗೆ ಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಬೇಕೆನಿಸಿತು. ಆ ದಾರಿಯಲ್ಲಿ ನಾವು ಗಳಿಸಿದ್ದು ಬಹಳ. ಕಳೆದುಕೊಳ್ಳುವ ಭಯವಿರುವುದೂ ಒಂದಿದೆ.

ಕೂಡಬೇಕಾದದ್ದು ಎರಡು ಪುಸ್ತಕ. ಒಂದು ನಮ್ಮದು. ಹುಬ್ಬಳ್ಳಿ ಪೇಟೆಯ ದುರ್ಗದ ಬೈಲಿನ ಅಂಗಡಿಕಾರರು ದೀಪಾವಳಿಯ ಲಕ್ಷ್ಮೀ ಪೂಜೆಗೆ ಅರಿಶಿನ ಕುಂಕುಮ ಹಚ್ಚಿ ಇಡುವ ಹೊಸ ಕಿರ್ದಿ ಅದೇ. ದಿನದ ವ್ಯವಹಾರ ಕಿರ್ದಿಗೆ, ಅಲ್ಲಿಂದ ಹೆಸರುವಾರು ಖತಾವಣಿಗೆ. ಇನ್ನೊಂದು ಬ್ಯಾಂಕಿನ ಲೆಡ್ಜರು. ಅದರ ನೆರಳು ನಮ್ಮ ಕೈಯಲ್ಲಿರುವ ಪಾಸ್‌ಬುಕ್. ಬ್ಯಾಂಕಿನ ಪುಸ್ತಕದ ದೃಢೀಕೃತ ನಕಲನ್ನು ನ್ಯಾಯಾಲಯ ಸಾಕ್ಷಿಯಾಗಿ ಒಪ್ಪಬೇಕೆಂಬ ಕಾಯ್ದೆ 1891ರಲ್ಲೇ ಬಂದಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದಕ್ಕೆ ಕಂಪ್ಯೂಟರ್ ಮುದ್ರಿತ ಪ್ರತಿಯನ್ನೂ ಸೇರಿಸಿತು.

ಈ ಎರಡು ಪುಸ್ತಕಗಳು ಒಂದನ್ನೊಂದು ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವು. ನಾವು ಬ್ಯಾಂಕಿನಲ್ಲಿಟ್ಟ ಹಣ ಬ್ಯಾಂಕಿಗೆ ಸಾಲ. ಹಾಗಾಗಿ ಅದರ ಪುಸ್ತಕದಲ್ಲಿ ಕ್ರೆಡಿಟ್. ನಮಗೆ ಅದು ಆಸ್ತಿ, ನಮ್ಮಲ್ಲಿ ಡೆಬಿಟ್. ಸ್ಟೇಟ್‌ಮೆಂಟ್ ಇಂಪೋರ್ಟ್ ಮಾಡುವ ಹೊಸಬರು ಮೊದಲು ಎಡವುವುದು ಇಲ್ಲೇ. ಕಾಲಂ ಅದಲುಬದಲಾಗಿ, ಬಂದ ಹಣವೆಲ್ಲ ಹೋದ ಹಣವಾಗಿ ಕೂರುತ್ತದೆ.

ಮೊದಲೆಲ್ಲ ಎರಡನ್ನೂ ತಾಳೆ ಹಾಕುವುದು ಕಣ್ಣು–ಬೆರಳಿನ ಕೆಲಸವಾಗಿತ್ತು. ಒಬ್ಬರು ಪಾಸ್‌ಬುಕ್ ಓದುವುದು, ಇನ್ನೊಬ್ಬರು ಕಿರ್ದಿಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುವುದು. ಗುರುತು ಬೀಳದೆ ಉಳಿದದ್ದೇ ಫರಕ್ಕು: ನಾವು ಕೊಟ್ಟು ಇನ್ನೂ ಪಾಸಾಗದ ಚೆಕ್ಕು, ಬ್ಯಾಂಕು ತಾನೇ ಮುರಿದುಕೊಂಡ ಕಮಿಷನ್. ಪರಊರಿನ ಚೆಕ್ಕು ದಿನಗಟ್ಟಲೆ ದಾರಿಯಲ್ಲಿರುತ್ತಿದ್ದ ಕಾಲದಲ್ಲಿ ಈ ಪಟ್ಟಿ ಉದ್ದವಾಗಿರುತ್ತಿತ್ತು.

ಎರಡೂ ಪುಸ್ತಕಗಳು ಕಂಪ್ಯೂಟರಿಗೆ ಏರಿದ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿ 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣಕ್ಕೆ ದಾರಿ ತೋರಿಸಿತು. ಎರಡು ವರ್ಷದ ಬಳಿಕ, 1986ರಲ್ಲಿ, ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಒಂದು ಕಂಪನಿ ಶುರುಮಾಡಿದರು. ಜವಳಿ ಗಿರಣಿಗಳಿಗೆ ಯಂತ್ರದ ಬಿಡಿಭಾಗ, ಕಚ್ಚಾಮಾಲು ಪೂರೈಸುತ್ತಿದ್ದ ತಂದೆಗೆ ತನ್ನ ವ್ಯವಹಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಬರೆದುಕೊಟ್ಟ. ಮೊದಲ ಹೆಸರು ಪ್ಯೂಟ್ರಾನಿಕ್ಸ್ ಫೈನಾನ್ಷಿಯಲ್ ಅಕೌಂಟೆಂಟ್. ಮುಂದೆ ಅದೇ ಟ್ಯಾಲಿ. ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೇಳುತ್ತಿದ್ದ ತಂತ್ರಾಂಶಗಳ ನಡುವೆ ಇದು ಖಾತೆಗಳನ್ನು ಹೆಸರಿನಿಂದಲೇ ಗುರುತಿಸಿತು. ಖತಾವಣಿ ಬರೆದು ರೂಢಿಯಿದ್ದ ಗುಮಾಸ್ತರಿಗೆ ಅದು ಪರಕೀಯ ಅನ್ನಿಸದಿರಲು ಇದೇ ಕಾರಣ ಎಂದು ನನಗೆ ತೋರುತ್ತದೆ. ಗೋಕುಲ ರಸ್ತೆಯಲ್ಲಿ ಇವತ್ತಿಗೂ ‘ಟ್ಯಾಲಿ ಬರ್ತದೇನು?’ ಎಂದು ಕೇಳಿಯೇ ಲೆಕ್ಕದ ಕೆಲಸ ಕೊಡುತ್ತಾರೆ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ಇದರ ಜೊತೆಜೊತೆಗೇ ಬೆಂಗಳೂರಿನ ಇನ್ಫೊಸಿಸ್ ಬ್ಯಾಂಕಿನ ಒಳಗಿನ ಪುಸ್ತಕಕ್ಕೆ ಕೈಹಾಕಿತು. ಅದರ ಬ್ಯಾಂಕ್ಸ್ 2000 ತಂತ್ರಾಂಶ ಬೆಳೆದು 1999ರಲ್ಲಿ ಫಿನಾಕಲ್ ಆಯಿತು. ಶಾಖೆಗೊಂದು ಲೆಡ್ಜರ್ ಇದ್ದದ್ದು ಹೋಗಿ, ಇಡೀ ಬ್ಯಾಂಕಿಗೆ ಒಂದೇ ಲೆಡ್ಜರ್ ಎಂಬ ಕೋರ್ ಬ್ಯಾಂಕಿಂಗ್ ಬಂತು. ಆ ಇನ್ಫೊಸಿಸ್‌ನ ಕ್ಯಾಂಪಸ್ ಈಗ ಇದೇ ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಹತ್ತಿರ ಇದೆ.

ಹೀಗೆ ಎರಡು ಪುಸ್ತಕವೂ ಕಂಪ್ಯೂಟರಿನಲ್ಲೇ ಇದ್ದವು, ಆದರೆ ನಡುವೆ ಸೇತುವೆ ಇರಲಿಲ್ಲ. ಬ್ಯಾಂಕಿನ ಕಂಪ್ಯೂಟರು ಕಾಗದಕ್ಕೆ ಮುದ್ರಿಸಿದ್ದನ್ನು ನಾವು ಮತ್ತೆ ನಮ್ಮ ಕಂಪ್ಯೂಟರಿಗೆ ಬೆರಳಿನಿಂದ ಕುಟ್ಟುತ್ತಿದ್ದೆವು. ಅಮೆರಿಕದಲ್ಲಿ ಮೈಕ್ರೊಸಾಫ್ಟ್, ಇನ್‌ಟ್ಯೂಟ್, ಚೆಕ್‌ಫ್ರೀ ಎಂಬ ಮೂರು ಕಂಪನಿಗಳು ಸೇರಿ 1997ರಲ್ಲೇ ಒಎಫ್‌ಎಕ್ಸ್ ಎಂಬ ಸಾಮಾನ್ಯ ನಮೂನೆ ತಂದಿದ್ದವು: ಬ್ಯಾಂಕು ಬರೆದ ಕಡತವನ್ನು ಲೆಕ್ಕದ ತಂತ್ರಾಂಶ ನೇರವಾಗಿ ಓದಬಲ್ಲದು. ನಮ್ಮ ಸಣ್ಣ ಉದ್ದಿಮೆಗಳ ಕೈಗೆ ಬಂದದ್ದು ಮಾತ್ರ ಪಾಸ್‌ವರ್ಡ್ ಹಾಕಿದ ಪಿಡಿಎಫ್, ಇಲ್ಲವೇ ಎಕ್ಸೆಲ್. ಅದರಲ್ಲೂ ಬ್ಯಾಂಕಿಗೊಂದು ನಮೂನೆ. ಒಂದು ಬ್ಯಾಂಕಿನಲ್ಲಿ ಜಮಾ–ಖರ್ಚಿಗೆ ಎರಡು ಕಾಲಂ. ಇನ್ನೊಂದರಲ್ಲಿ ಒಂದೇ ಕಾಲಂ, ಪಕ್ಕದಲ್ಲಿ ಸಿಆರ್, ಡಿಆರ್ ಎಂಬ ಗುರುತು.

ಕಷ್ಟಪಟ್ಟು ಒಂದು ನಮೂನೆಗೆ ಹೊಂದಿಸಿಕೊಂಡರೆ ಬ್ಯಾಂಕೇ ಬದಲಾಗಿಬಿಡುತ್ತಿತ್ತು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕು, 2020ರ ಏಪ್ರಿಲ್ 1ರ ಒಂದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾದವು. ಧಾರವಾಡದಲ್ಲೇ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿಯಲ್ಲಿ ಕೇಂದ್ರವಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಆ ಹೆಸರುಗಳು ಹೋದದ್ದಕ್ಕೆ ಜನ ಮರುಗಿದರು, ನಾನೂ ಮರುಗಿದೆ. ಲೆಕ್ಕ ಬರೆಯುವವರಿಗೆ ಅದರ ಜೊತೆಗೆ ಹೊಸ ಐಎಫ್‌ಎಸ್‌ಸಿ, ಹೊಸ ಕಾಲಂಗಳ ಪಾಡು ಬೇರೆ.

ಎಕ್ಸೆಲ್ ತಂದ ತೊಂದರೆಗಳನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಎಷ್ಟೋ ಮಧ್ಯಾಹ್ನಗಳನ್ನು ಅವು ನುಂಗಿವೆ. ಚೆಕ್ ಸಂಖ್ಯೆ ಆರು ಅಂಕಿ. 004512 ಎಂಬುದು ಎಕ್ಸೆಲ್‌ನಲ್ಲಿ 4512 ಆಗುತ್ತದೆ. ಯುಪಿಐ ವ್ಯವಹಾರದ ಗುರುತು ಸಂಖ್ಯೆ 12 ಅಂಕಿ. ಎಕ್ಸೆಲ್ ತಾನಾಗಿ 11 ಅಂಕಿಯವರೆಗೆ ಪೂರ್ತಿ ತೋರಿಸುತ್ತದೆ, ಅದರಾಚೆ 4.12346ಇ+11 ಎಂದು ಮೊಟಕು ಮಾಡುತ್ತದೆ. ಅದನ್ನು ಸಿಎಸ್‌ವಿ ಕಡತವಾಗಿ ಉಳಿಸಿದರೆ ಮೊಟಕಾದದ್ದೇ ಉಳಿಯುತ್ತದೆ, ಮೂಲ ಅಂಕಿ ಹೋದಂತೆಯೇ. ಎಲ್ಲಕ್ಕಿಂತ ಮೋಸದ್ದು ತಾರೀಖು. ಕಂಪ್ಯೂಟರು ಅಮೆರಿಕದ ಕ್ರಮಕ್ಕೆ ಹೊಂದಿಸಿದ್ದರೆ ಏಪ್ರಿಲ್ 5 ಮೇ 4 ಆಗುತ್ತದೆ. 12ರ ನಂತರದ ತಾರೀಖುಗಳು ಹಾಗೆ ತಿರುಗಲು ಬರುವುದಿಲ್ಲ, ಹದಿಮೂರನೇ ತಿಂಗಳು ಇಲ್ಲವಲ್ಲ! ಹೀಗಾಗಿ ತಿಂಗಳ ಮೊದಲ ಭಾಗ ಮಾತ್ರ ಕೆಟ್ಟಿರುತ್ತದೆ. ಕೊನೆಯ ಸಾಲುಗಳನ್ನು ನೋಡಿ ಸರಿಯಿದೆ ಎಂದು ಮುಂದೆ ಹೋದವರು ಸಿಕ್ಕಿಬೀಳುತ್ತಾರೆ.

2016ರಲ್ಲಿ ಯುಪಿಐ ಬಂದಮೇಲೆ ಕೈಯಿಂದ ಕುಟ್ಟುವ ಕಾಲ ಮುಗಿಯಿತು. ದಿನಕ್ಕೆ ನಾಲ್ಕು ಚೆಕ್ಕು ನೋಡುತ್ತಿದ್ದ ಖಾತೆಗೆ ಹತ್ತು ರೂಪಾಯಿಯ ಚಹಾದ ಲೆಕ್ಕವೂ ಬಂದು ಬೀಳತೊಡಗಿತು. 2017ರ ಜುಲೈ 1ರಿಂದ ಜಿಎಸ್‌ಟಿ. ಲೆಕ್ಕ ವರ್ಷಕ್ಕೊಮ್ಮೆ ಮುಗಿಸುವ ಕೆಲಸವಾಗಿ ಉಳಿಯಲಿಲ್ಲ. ಎಕ್ಸೆಲ್‌ನಿಂದ ಟ್ಯಾಲಿಗೆ ದಾಟಿಸಿಕೊಡುವ ಪುಟ್ಟ ತಂತ್ರಾಂಶಗಳು ಮಾರುಕಟ್ಟೆ ತುಂಬ ಹುಟ್ಟಿಕೊಂಡವು. ಮುಂದೆ ಟ್ಯಾಲಿಪ್ರೈಮ್ 4.0 ಎಕ್ಸೆಲ್ ಕಡತವನ್ನು ತಾನೇ ಒಳಗೆ ಬಿಟ್ಟುಕೊಂಡಿತು. 2025ರ 6.0 ಆವೃತ್ತಿಯಲ್ಲಿ ಕೆಲವು ಬ್ಯಾಂಕುಗಳ ಖಾತೆಗೆ ನೇರ ಸಂಪರ್ಕವೇ ಬಂತು. ಇತ್ತ ಗ್ರಾಹಕರ ಒಪ್ಪಿಗೆಯ ಮೇಲೆ ಖಾತೆಯ ಮಾಹಿತಿ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಗೆ ರಿಸರ್ವ್ ಬ್ಯಾಂಕು 2016ರಲ್ಲಿ ನಿಯಮ ಮಾಡಿತು. 2021ರ ಸೆಪ್ಟೆಂಬರಿನಲ್ಲಿ ಅದು ನಡೆಯತೊಡಗಿತು. ಸೇತುವೆ ಅಂತೂ ಕಟ್ಟಿ ಆಯಿತು.

ನನ್ನ ಆತಂಕ ಶುರುವಾಗುವುದು ಇಲ್ಲಿಂದ. ಇಂಪೋರ್ಟಿಗೆ ಎರಡು ಬಗೆ ಇದೆ, ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ. ಮೊದಲನೆಯದರಲ್ಲಿ ನಮ್ಮ ವೋಚರ್‌ಗಳನ್ನು ಬಿಲ್ಲು, ಚಲನ್ ನೋಡಿ ನಾವು ಬರೆದಿರುತ್ತೇವೆ. ಬ್ಯಾಂಕಿನ ಕಡತ ಬಂದು ಅವುಗಳ ಪಕ್ಕ ನಿಲ್ಲುತ್ತದೆ, ತಂತ್ರಾಂಶ ಜೋಡಿ ಹುಡುಕುತ್ತದೆ. ಎರಡನೆಯದರಲ್ಲಿ ಬ್ಯಾಂಕಿನ ಸಾಲಿನಿಂದಲೇ ವೋಚರ್ ಹುಟ್ಟುತ್ತದೆ. ಮೊದಲನೆಯದು ಇಬ್ಬರು ಸಾಕ್ಷಿಗಳನ್ನು ಎದುರುಬದುರು ಕೂರಿಸಿ ಕೇಳಿದಂತೆ. ಎರಡನೆಯದರಲ್ಲಿ ಇರುವುದು ಒಬ್ಬನೇ ಸಾಕ್ಷಿ. ನಮ್ಮ ಕಿರ್ದಿ ಅವನ ಮಾತಿನ ನಕಲು. ನಕಲು ಮೂಲದೊಂದಿಗೆ ಕೂಡದೆ ಇನ್ನೇನಾದೀತು?

ಆ ಎರಡು ಸಾವಿರಕ್ಕೆ ಮರಳುತ್ತೇನೆ. ಒಂದು ಲಕ್ಷದ ಜಾಬ್ ವರ್ಕ್, ಶೇ 18ರ ಜಿಎಸ್‌ಟಿ ಸೇರಿ ಬಿಲ್ಲು 1,18,000. ಮಾಡಿಸಿಕೊಂಡ ಕಾರ್ಖಾನೆ ಮೂಲ ಮೊತ್ತದ ಮೇಲೆ ಶೇ 2 ಟಿಡಿಎಸ್ ಮುರಿದು 1,16,000 ಕಳಿಸಿತು. ಕೈಯಿಂದ ಬರೆಯುತ್ತಿದ್ದಾಗ ನಾನು 1,18,000 ಬರೆದೆ, ಬ್ಯಾಂಕು 1,16,000 ಅಂದಿತು, ಜಗಳ ಹುಟ್ಟಿತು. ಹುಡುಕಿದಾಗ ಟಿಡಿಎಸ್ ಸಿಕ್ಕಿತು. ಅದು ನಮ್ಮದೇ ದುಡ್ಡು, ವರ್ಷದ ಕೊನೆಗೆ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬೇಕಾದ್ದು. ಈಗ ಬ್ಯಾಂಕಿನ ಸಾಲಿನಿಂದಲೇ ವೋಚರ್ ಹುಟ್ಟಿದರೆ 1,16,000ಕ್ಕೆ 1,16,000 ಸರಿಯಾಗಿ ಕೂಡುತ್ತದೆ. ಎರಡು ಸಾವಿರ ಗಿರಾಕಿಯ ಹೆಸರಲ್ಲಿ ಬಾಕಿಯಾಗಿ ಕೂತಿರುತ್ತದೆ, ಯಾರೂ ಕೇಳುವುದಿಲ್ಲ. ವರ್ಷಕ್ಕೆ ಇಂಥ ನಲವತ್ತು ಬಿಲ್ಲಾದರೆ ಎಂಬತ್ತು ಸಾವಿರ. ಸಣ್ಣ ಶೆಡ್ಡಿಗೆ ಅದು ಒಬ್ಬ ಕೆಲಸಗಾರನ ಹಲವು ತಿಂಗಳ ಪಗಾರ.

ಬ್ಯಾಂಕಿನ ಸಾಲಿಗೆ ಹಣ ಎಷ್ಟು, ಯಾವತ್ತು ಎಂಬುದು ಗೊತ್ತು. ಯಾಕೆ ಎಂಬುದು ಗೊತ್ತಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಇಡೀ ಕರ್ನಾಟಕ ಇದನ್ನು ಕಂಡಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ದಾಟಿದ್ದೀರಿ ಎಂಬುದು ಇಲಾಖೆಯ ಮಾತು. ಅದರಲ್ಲಿ ತೆರಿಗೆಯೇ ಇಲ್ಲದ ಹಾಲು, ತರಕಾರಿಯ ದುಡ್ಡಿದೆ, ನೆಂಟರು ಕಳಿಸಿದ ಕೈಗಡವಿದೆ ಎಂಬುದು ವ್ಯಾಪಾರಿಗಳ ಮಾತು. ಕೊನೆಗೆ ಸರ್ಕಾರ, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದಿತು. ಆ ದಿನಗಳಲ್ಲಿ ನೆಮ್ಮದಿಯಿಂದಿದ್ದವರು ತಮ್ಮದೇ ಕಿರ್ದಿ ಬರೆದಿಟ್ಟವರು, ಅದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕೇ ಆಗಿರಲಿ.

ಇಂಪೋರ್ಟ್ ಬೇಡ ಎನ್ನುವವನಲ್ಲ ನಾನು. ಕುಟ್ಟಿ ಕುಟ್ಟಿ ನೊಂದ ಬೆರಳು ನನ್ನವು. ಆದರೆ ಮಾರಾಟದ ಬಿಲ್ಲು, ಖರೀದಿಯ ಬಿಲ್ಲು ಮೊದಲು ಟ್ಯಾಲಿಗೆ ಏರಬೇಕು, ಬ್ಯಾಂಕಿನ ಕಡತ ಆಮೇಲೆ. ಗುರುತು ಸಿಗದ ಸಾಲನ್ನು ಅಂದಾಜಿನ ಮೇಲೆ ಯಾವುದೋ ಪಾಟೀಲರ ಖಾತೆಗೆ ಹಾಕಬಾರದು. ಧಾರವಾಡ ಜಿಲ್ಲೆಯಲ್ಲಿ ಪಾಟೀಲರಿಗೆ ಬರವೇ? ಆ ಸಾಲು, ಗುರುತು ಸಿಗುವವರೆಗೆ, ಸಸ್ಪೆನ್ಸ್ ಖಾತೆಯಲ್ಲಿರಲಿ. ಶನಿವಾರ ಸಂಜೆ, ಲೇಥ್ ನಿಂತಮೇಲೆ, ಆ ಖಾತೆ ತೆಗೆದು ಒಂದೊಂದೇ ಸಾಲಿಗೆ ಫೋನು ಹಚ್ಚಬೇಕು: ‘ಅಣ್ಣಾರ, ಮಂಗಳವಾರ ಒಂದು ಲಕ್ಷ ಹದಿನಾರು ಸಾವಿರ ಹಾಕೀರಲ್ರಿ, ಅದು ಯಾವ ಬಿಲ್ಲಿಂದು?’